ಸಂಗೀತ ಪತ್ರಿಕೆಯ ಮುಖಪುಟ: ‘ಸ್ವರ’ ಹೋಗಿ ‘ಸರ’ ಆಗಿದೆ, ಏನು ಮಾಡಲಿ?

ಹಳೇಪೇಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಾವು ಐದು ಜನ ಸೇರಿ ಒಂದು ಸಂಗೀತ ಪತ್ರಿಕೆ ಶುರು ಮಾಡುತ್ತಿದ್ದೇವೆ, ಮೂರು ತಿಂಗಳಿಗೊಂದು ಸಂಚಿಕೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಹಾಡುಗಾರರ ಬಗ್ಗೆ. ತತ್ವಪದ, ಸೋಬಾನೆ, ಭಜನೆ ಮೇಳ, ಹಾರ್ಮೋನಿಯಂ ರಿಪೇರಿ ಮಾಡುವವರು, ಎಲ್ಲರೂ ಬರುತ್ತಾರೆ. ಮುಖಪುಟ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಫೋಟೋ ಚೆನ್ನಾಗಿ ಸಿಕ್ಕಿದೆ. ಜಗಳೂರು ಕಡೆಯ ಒಂದು ಹಳ್ಳಿಯ ಅಜ್ಜ, ತಮ್ಮ ಮನೆ ಕಟ್ಟೆ ಮೇಲೆ ಕೂತು ತತ್ವಪದ ಹಾಡುತ್ತಿದ್ದಾರೆ. ತಲೆಗೆ ಕೆಂಪು ರುಮಾಲು, ಕೈಯಲ್ಲಿ ಏಕತಾರಿ, ಹಿಂದೆ ನೀಲಿ ಬೆರೆಸಿ ಸುಣ್ಣ ಹೊಡೆದ ಗೋಡೆ. ಸಂಜೆ ಬಿಸಿಲು ಕೆನ್ನೆ ಮೇಲೆ ಬಿದ್ದಿದೆ. ಫೋಟೋ ಹಾಕಲು ಅಜ್ಜ ಒಪ್ಪಿದ್ದಾರೆ.

ಪತ್ರಿಕೆಯ ಪೂರ್ತಿ ಹೆಸರು ಈಗಲೇ ಹೇಳಲಾರೆ. ಆದರೆ ಅದರಲ್ಲಿ ‘ಸ್ವರ’ ಅನ್ನುವ ಪದ ಇದೆ, ಅದೇ ದೊಡ್ಡದಾಗಿ ಮೇಲೆ ಬರಬೇಕು. ದೊಡ್ಡ ಪತ್ರಿಕೆಗಳಲ್ಲಿ ನೋಡಿರುತ್ತೀರಿ, ಮುಖಪುಟದಲ್ಲಿರುವವರ ತಲೆ ಹೆಸರಿನ ಮುಂದೆ ಬಂದು ಅಕ್ಷರವನ್ನು ಸ್ವಲ್ಪ ಮುಚ್ಚಿರುತ್ತದೆ. ನಾನೂ ಹಾಗೇ ಮಾಡಿದೆ. ತುಂಬ ಖುಷಿಯಾಯಿತು. ಅಮ್ಮನಿಗೆ ತೋರಿಸಿದರೆ, “ಸರ ಅಂತ ಹಾಕಿದ್ದೀಯಲ್ಲ, ಒಡವೆ ಪುಸ್ತಕನಾ?” ಅಂದರು. ನೋಡಿದರೆ ರುಮಾಲು ಸರಿಯಾಗಿ ಒತ್ತಕ್ಷರದ ಮೇಲೆ ಕೂತಿದೆ. ‘ಸ್ವರ’ ‘ಸರ’ ಆಗಿದೆ!

ಇನ್ನೂ ಎರಡು ತೊಂದರೆ ಇವೆ. ಅಜ್ಜನನ್ನು ಹಿನ್ನೆಲೆಯಿಂದ ಬಿಡಿಸಿಕೊಂಡಾಗ ಏಕತಾರಿಯ ತಂತಿ ಮಾಯವಾಗಿದೆ, ಬರೀ ಕೋಲು ಉಳಿದಿದೆ. ಮತ್ತೆ ಗೆಳತಿಯ ಕಂಪ್ಯೂಟರಿನ ಫೋಟೋಶಾಪ್‌ನಲ್ಲಿ ಕನ್ನಡ ಹೊಡೆದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತಿದೆ. ನನ್ನ ಹತ್ತಿರ ಇರುವುದು ಗಿಂಪ್, ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್. ಮಾಡಿದ್ದರ ಸಣ್ಣ ಮಾದರಿ ಜೊತೆಗೆ ಹಾಕಿದ್ದೇನೆ, ದಯವಿಟ್ಟು ದಾರಿ ಹೇಳಿ.

ಮಂಡಿಪೇಟೆ_ಡಿಟಿಪಿ

ತಂಗಿ, ಮೊದಲು ಪದರಗಳ ಲೆಕ್ಕ ಸರಿ ಇದೆಯಾ ನೋಡಿಕೊ. ತಳದಲ್ಲಿ ಪೂರ್ತಿ ಫೋಟೋ. ಅದರ ಮೇಲೆ ಹೆಸರು. ಹೆಸರಿನ ಮೇಲೆ ಅದೇ ಫೋಟೋದ ಇನ್ನೊಂದು ಪ್ರತಿ, ಅದಕ್ಕೆ ಲೇಯರ್ ಮಾಸ್ಕ್ ಹಾಕಿ ಅಜ್ಜನನ್ನು ಮಾತ್ರ ಉಳಿಸಬೇಕು. ರಬ್ಬರಿನಲ್ಲಿ ಅಳಿಸಬೇಡ. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ವಾಪಸ್ ಬರುತ್ತದೆ. ಅಳಿಸಿದ್ದು ಹೋದ ಹಾಗೇ.

ಇನ್ನು ನಿನ್ನ ನಿಜವಾದ ತೊಂದರೆಗೆ ಬರೋಣ. ನಾನು ಇಪ್ಪತ್ತು ವರ್ಷದಿಂದ ಮದುವೆ ಕಾರ್ಡು, ಜಾತ್ರೆ ಕರಪತ್ರ, ಸ್ಮರಣ ಸಂಚಿಕೆ ಮಾಡುತ್ತಿದ್ದೇನೆ. ಅಕ್ಷರದ ಮುಂದೆ ತಲೆ ಬರುವ ಈ ಕೆಲಸ ಇಂಗ್ಲಿಷ್ ಅಕ್ಷರಕ್ಕೆ ಹುಟ್ಟಿದ್ದು. ಅಲ್ಲಿ ದೊಡ್ಡ ಅಕ್ಷರಗಳೆಲ್ಲ ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. ಕೆಳಗಿನ ಅರ್ಧ ಮುಚ್ಚಿದರೂ ಮೇಲಿನ ಅರ್ಧ ನೋಡಿ ಓದಿಬಿಡಬಹುದು. ನಮ್ಮಲ್ಲಿ ಹಾಗಲ್ಲ. ಒತ್ತು ಕೆಳಗೆ, ಗುಡಿಸು ಮೇಲೆ, ದೀರ್ಘ ಪಕ್ಕಕ್ಕೆ. ಒಂದೊಂದು ಅಕ್ಷರಕ್ಕೂ ಜೀವ ಒಂದೊಂದು ಕಡೆ ಇರುತ್ತದೆ. ತಲೆ ಬರುವುದು ಯಾವಾಗಲೂ ಕೆಳಗಿನಿಂದ. ಒತ್ತಕ್ಷರ ಇರುವುದೂ ಕೆಳಗೇ. ಹಾಗಾಗಿ ಮೊದಲು ಏಟು ತಿನ್ನುವುದು ಒತ್ತಕ್ಷರ.

ಅಕ್ಷರಪ್ರೀತಿ_ಚಿತ್ರದುರ್ಗ

ಮಂಡಿಪೇಟೆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕೈಯಲ್ಲಿ ಅಕ್ಷರ ಬರೆಯುವವಳು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಸ್ವರ’ ಬರೆದು ಎದುರಿಗೆ ಇಟ್ಟುಕೊಳ್ಳಿ. ಒಂದು ಪೋಸ್ಟ್‌ಕಾರ್ಡಿನಿಂದ ಕೆಳಗಿನ ಮೂರನೇ ಒಂದು ಭಾಗ ಮುಚ್ಚಿ. ‘ಸರ’ ಅಂತ ಓದುತ್ತೀರಿ. ಅದೂ ಅರ್ಥ ಇರುವ ಪದ, ಹಾಗಾಗಿ ಓದುವವರಿಗೆ ತಪ್ಪಾಗಿದೆ ಅಂತ ಅನುಮಾನವೂ ಬರುವುದಿಲ್ಲ. ಈಗ ‘ನಾದ’ ಬರೆದು ಹಾಗೇ ಮುಚ್ಚಿ. ‘ನಾದ’ ನಾದವಾಗೇ ಉಳಿಯುತ್ತದೆ. ‘ರಾಗ’, ‘ಸಂಗೀತ’ ಕೂಡ ಹಾಗೇ. ‘ಗೀ’ಯಲ್ಲಿ ಗುಡಿಸು ಮೇಲಿದೆ, ದೀರ್ಘ ಪಕ್ಕದಲ್ಲಿದೆ, ಕೆಳಗೆ ಏನೂ ಇಲ್ಲ. ಮಹಾಪ್ರಾಣ ಬಂದರೆ ಮತ್ತೆ ಹುಷಾರು. ದ, ಧ ಎರಡಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ಬ, ಭ ಕೂಡ ಹಾಗೇ.

ಹೆಸರು ಬದಲಾಯಿಸಿ ಅಂತ ಹೇಳುತ್ತಿಲ್ಲ. ‘ಸ್ವರ’ ಒಳ್ಳೆ ಪದ. ಅದರಲ್ಲೇ ಜಾಗ ಹುಡುಕೋಣ. ‘ಸ್ವ’ದ ಒತ್ತು ಸ್ವಲ್ಪ ಬಲಕ್ಕೆ ಇಳಿದಿರುತ್ತದೆ. ಅದಾದ ಮೇಲೆ ‘ರ’. ಈ ‘ರ’ದ ಕೆಳಭಾಗ ಬರೀ ಒಂದು ಗುಂಡು, ಅದು ಸ್ವಲ್ಪ ಮುಚ್ಚಿದರೂ ಪರವಾಗಿಲ್ಲ. ತಲೆಕಟ್ಟು ಮತ್ತು ಹೆಗಲು ಕಂಡರೆ ಸಾಕು. ಹಾಗಾದರೆ ಅಜ್ಜನನ್ನು ಬಲಕ್ಕೆ ಸರಿಸಿ, ರುಮಾಲು ‘ರ’ದ ಕೆಳಗೆ ಬರಲಿ. ಇಲ್ಲದಿದ್ದರೆ ತಲೆ ಪೂರ್ತಿ ಹೆಸರಿನ ಕೆಳಗೇ ಇರಲಿ, ಏಕತಾರಿಯ ಕೋಲಿನ ತುದಿ ಮಾತ್ರ ಎರಡು ಅಕ್ಷರದ ನಡುವೆ ಮೇಲೆ ಹೋಗಲಿ. ನನಗೆ ಎರಡನೆಯದೇ ಇಷ್ಟ. ಸಂಗೀತ ಪತ್ರಿಕೆ ಅಲ್ವಾ, ಹೆಸರನ್ನು ದಾಟಿ ಹೋಗುವುದು ವಾದ್ಯವೇ ಆಗಲಿ.

ಕೋಟೆ_ಕ್ಯಾಮೆರಾ

ಚಿತ್ರದುರ್ಗದಿಂದ. ಫೋಟೋ ನಿಮ್ಮ ಕೈಗೆ ಹೇಗೆ ಬಂತು ಅಂತ ಕೇಳಬಹುದಾ? ಯಾರಾದರೂ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ದರೆ ಅದು ಕುಗ್ಗಿರುತ್ತದೆ. ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಎ4 ಅಂದರೆ 210 ಮಿಲಿಮೀಟರ್ ಅಗಲ, 297 ಎತ್ತರ. ಕತ್ತರಿಸುವಾಗ ಬಿಳಿ ಅಂಚು ಬರದಂತೆ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ ಬಿಟ್ಟರೆ 216, 303. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 2551 ಅಗಲ, 3579 ಎತ್ತರ ಬೇಕು. 1600 ಇದ್ದರೆ ಅರ್ಧಕ್ಕೂ ಕಡಿಮೆ. ಪರದೆ ಮೇಲೆ ಚೆನ್ನಾಗೇ ಕಾಣುತ್ತದೆ, ಕಾಗದದ ಮೇಲೆ ಅಜ್ಜನ ಗಡ್ಡ ಹಿಟ್ಟು ಬಳಿದ ಹಾಗೆ ಆಗುತ್ತದೆ. ಫೋಟೋ ತೆಗೆದವರ ಹತ್ತಿರ ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. 12 ಮೆಗಾಪಿಕ್ಸೆಲ್ ಫೋನಾದರೆ 3000, 4000 ಪಿಕ್ಸೆಲ್ ಇರುತ್ತದೆ, ಎ4ಗೆ ಧಾರಾಳ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನೀವು ಹಾಕಿದ ಸಣ್ಣ ಮಾದರಿಯಲ್ಲಿ ಅಜ್ಜನ ಹಣೆ ನುಣ್ಣಗೆ ಮಾಡಿದ್ದೀರಿ. ದಯವಿಟ್ಟು ಅದನ್ನು ತೆಗೆದುಬಿಡಿ. ಆ ಗೆರೆಗಳು ಅವರವು. ಹಾಡುವಾಗ ಹುಬ್ಬಿನ ನಡುವೆ ಎರಡು ಗೆರೆ ಮೂಡಿವೆ, ಎತ್ತರದ ಸ್ವರ ಹಿಡಿಯುವಾಗ ಬರುವ ಗೆರೆ ಅದು. ಅವನ್ನು ಅಳಿಸಿದರೆ ಅಜ್ಜ ಸುಮ್ನೆ ಬಾಯಿ ತೆರೆದು ಕೂತ ಹಾಗೆ ಕಾಣುತ್ತಾರೆ. ಬೆಳಕು, ನೆರಳು ಎಷ್ಟು ಬೇಕಾದರೂ ತಿದ್ದಿ. ಮುಖ ಮುಟ್ಟಬೇಡಿ.

ಹಳೇಪೇಟೆ_ಹುಡುಗಿ

ಕೋಟೆ ಅಣ್ಣ, ನೀವು ಹೇಳಿದ ಮೇಲೆ ಮೂಲ ಫೋಟೋ ತೆರೆದು ನೋಡಿದೆ. ನಿಜ, ಆ ಎರಡು ಗೆರೆ ನನ್ನದರಲ್ಲಿ ಇಲ್ಲವೇ ಇಲ್ಲ. ಆ ಪದರ ತೆಗೆದೆ. ಫೋಟೋ ವಾಟ್ಸಾಪ್‌ನಲ್ಲೇ ಬಂದಿದ್ದು, ಈಗ ಮೂಲ ತರಿಸಿಕೊಂಡಿದ್ದೇನೆ, 3000 ಬೈ 4000 ಇದೆ. ಗಡ್ಡದ ಒಂದೊಂದು ಕೂದಲೂ ಕಾಣುತ್ತಿದೆ.

ತಂತಿ ಮಾತ್ರ ಇನ್ನೂ ಸಿಗುತ್ತಿಲ್ಲ.

ಕೋಟೆ_ಕ್ಯಾಮೆರಾ

ತಂತಿ ಹೋಗಿದ್ದು ನಿಮ್ಮ ತಪ್ಪಲ್ಲ. ಚಿತ್ರವನ್ನು ತಾನಾಗೇ ಬಿಡಿಸಿಕೊಡುವ ಗಿಂಪ್‌ನ ಫೋರ್‌ಗ್ರೌಂಡ್ ಸೆಲೆಕ್ಟ್ ಆಗಲಿ, ಫೋಟೋಶಾಪ್‌ನ ಸೆಲೆಕ್ಟ್ ಸಬ್ಜೆಕ್ಟ್ ಆಗಲಿ, ಎರಡು ಮೂರು ಪಿಕ್ಸೆಲ್ ದಪ್ಪದ ತಂತಿಯನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅದರಲ್ಲೂ ತಿಳಿ ನೀಲಿ ಗೋಡೆ ಮುಂದೆ ಬೆಳ್ಳಗಿನ ತಂತಿ.

ಹೀಗೆ ಮಾಡಿ. ತಂತಿ ಬಹುತೇಕ ಗೋಡೆಯ ಮುಂದೆ ಇದೆ, ಅಲ್ವಾ? ಅಲ್ಲೆಲ್ಲ ತಳದ ಫೋಟೋ ಹಾಗೇ ಕಾಣುತ್ತಿರುವುದರಿಂದ ತಂತಿಯೂ ಇರುತ್ತದೆ. ಅಕ್ಷರದ ಮುಂದೆ ಹಾದು ಹೋಗುವ ತುಂಡು ಮಾತ್ರ ನಿಮಗೆ ಬೇಕು. ಮೇಲಿನ ಪ್ರತಿಯ ಮಾಸ್ಕ್ ಆರಿಸಿಕೊಳ್ಳಿ. ಮೂರು ಪಿಕ್ಸೆಲ್ ಬ್ರಷ್, ಬಿಳಿ ಬಣ್ಣ. ತಂತಿಯ ಒಂದು ತುದಿಗೆ ಒಂದು ಚುಕ್ಕಿ ಇಡಿ. ಶಿಫ್ಟ್ ಒತ್ತಿ ಹಿಡಿದು ಇನ್ನೊಂದು ತುದಿಗೆ ಒತ್ತಿ. ನೇರ ಗೆರೆ ಬೀಳುತ್ತದೆ, ಆ ಗೆರೆಯೊಳಗೆ ನಿಜವಾದ ತಂತಿ ಮೇಲೆ ಬರುತ್ತದೆ. ಹೊಸದಾಗಿ ಬರೆಯುವ ಕೆಲಸವೇ ಇಲ್ಲ. ಮೂರು ಪಿಕ್ಸೆಲ್ ಅಂದರೆ ಅಚ್ಚಿನಲ್ಲಿ ಕಾಲು ಮಿಲಿಮೀಟರ್. ಗೋಡೆಯ ನೀಲಿ ಚೂರು ಅಂಟಿಕೊಂಡಿದ್ದರೆ ಬ್ರಷ್ ಎರಡಕ್ಕೆ ಇಳಿಸಿ.

ವಿದ್ಯಾನಗರ_ವಿನ್ಯಾಸ

ಅಕ್ಕ, ಒತ್ತಕ್ಷರ ಒಡೆಯುವುದಕ್ಕೆ ನಾನು ಹೇಳುತ್ತೇನೆ, ನಾನೂ ಅನುಭವಿಸಿದ್ದೇನೆ. ಯೂನಿಕೋಡ್‌ನಲ್ಲಿ ‘ಸ್ವ’ ಒಂದು ಅಕ್ಷರ ಅಲ್ಲ. ಸ, ಅರ್ಧಕ್ಕೆ ನಿಲ್ಲಿಸುವ ಗುರುತು, ವ, ಹೀಗೆ ಮೂರು ಸೇರಿರುತ್ತವೆ. ಅವನ್ನು ಕೂಡಿಸಿ ಒತ್ತು ಮಾಡುವುದು ಸಾಫ್ಟ್‌ವೇರಿನ ಕೆಲಸ. ಫೋಟೋಶಾಪ್‌ನಲ್ಲಿ ಆ ಅನುಕೂಲ ಇದೆ, ಆದರೆ ಎಷ್ಟೋ ಕಂಪ್ಯೂಟರಿನಲ್ಲಿ ಅದನ್ನು ಆನ್ ಮಾಡಿರುವುದಿಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಆರಿಸಿ. ಆಮೇಲಿನ ಆವೃತ್ತಿಗಳಲ್ಲಿ ಅದನ್ನೇ ‘ವರ್ಲ್ಡ್-ರೆಡಿ ಲೇಔಟ್’ ಅನ್ನುತ್ತಾರೆ. ಮುಚ್ಚಿ ಮತ್ತೆ ತೆರೆಯಿರಿ. ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಿ. ಸರಿಯಾಗುತ್ತದೆ.

ನಿಮ್ಮ ಗಿಂಪ್‌ನಲ್ಲಿ ಇದ್ಯಾವುದೂ ಬೇಕಿಲ್ಲ. ಯೂನಿಕೋಡ್ ಫಾಂಟ್ ಇದ್ದರೆ ಒತ್ತು, ಅರ್ಕಾವತ್ತು ಎಲ್ಲ ತಾನಾಗೇ ಕೂರುತ್ತದೆ. ಫಾಂಟಿಗೆ ಅನೇಕ್ ಕನ್ನಡ, ಬಲೂ ತಮ್ಮ 2, ಅಕಾಯ ಕನಡಕ, ಟೀರೋ ಕನ್ನಡ ನೋಡಿ. ಎಲ್ಲ ಉಚಿತ. ‘ಬೆಣ್ಣೆ’ ಅಂತಲೂ ಒಂದು ಕನ್ನಡ ಫಾಂಟ್ ಇದೆ, ದಾವಣಗೆರೆಯವರು ಒಮ್ಮೆಯಾದರೂ ಹಾಕಿ ನೋಡಬೇಕು. ಫಾಂಟಿನಲ್ಲಿ ದಪ್ಪ ಅಕ್ಷರ ಇಲ್ಲದಿದ್ದರೆ ಬಲವಂತವಾಗಿ ಬೋಲ್ಡ್ ಮಾಡಬೇಡಿ, ‘ಸ’ದ ಹೊಟ್ಟೆ ತುಂಬಿಹೋಗುತ್ತದೆ.

ನನ್ನದೊಂದು ಸಲಹೆ: ಹಿಂದೆ ಬರೀ ಗೋಡೆ ಸಪ್ಪೆ ಅನ್ನಿಸುತ್ತದೆ. ಹೇಗೂ ಅಜ್ಜನನ್ನು ಬಿಡಿಸಿಕೊಂಡಿದ್ದೀರಿ. ಚಿತ್ರದುರ್ಗದ ಏಳುಸುತ್ತಿನ ಕೋಟೆ ಹಿಂದೆ ಹಾಕಿದರೆ ನೋಡಿದ ಕೂಡಲೇ ನಮ್ಮ ಊರು ಅಂತ ಗೊತ್ತಾಗುತ್ತದೆ. ಎಐಗೆ ಹೇಳಿದರೆ ಸಂಜೆ ಆಕಾಶ ಸಮೇತ ಮಾಡಿಕೊಡುತ್ತದೆ.

ಜಗಳೂರು_ಭಜನೆ

ತಮ್ಮಾ, ನಿನ್ನ ಉತ್ಸಾಹ ಇಷ್ಟವಾಯಿತು. ಆದರೆ ಕೋಟೆ ಬೇಡ.

ನಮ್ಮ ಜಗಳೂರು 1997ರ ತನಕ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಆಮೇಲೆ ದಾವಣಗೆರೆಗೆ ಸೇರಿತು. ಕೋಟೆ ನಮಗೂ ನಮ್ಮದೇ. ಆದರೂ ಆ ಅಜ್ಜ ಹಾಡುತ್ತಿರುವುದು ಕೋಟೆ ಮುಂದೆ ಅಲ್ಲ, ಅವರ ಮನೆ ಕಟ್ಟೆ ಮೇಲೆ. ತತ್ವಪದ ಹಾಡುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ರಾತ್ರಿ ಊಟ ಮುಗಿಸಿ, ಕಟ್ಟೆ ಮೇಲೆ ಕಂಬಳಿ ಹಾಸಿ, ಒಬ್ಬರು ಏಕತಾರಿ, ಒಬ್ಬರು ಡಗ್ಗ, ಇಬ್ಬರು ತಾಳ. ಬೆಳಗಾಗುವ ತನಕ ಹಾಡುತ್ತಿದ್ದರು. ಹಿಂದೆ ಇದ್ದದ್ದು ಇಂಥದ್ದೇ ನೀಲಿ ಗೋಡೆ. ಗೋಡೆಗೆ ಒರಗಿ ಒರಗಿ ಬೆನ್ನಿನ ಎತ್ತರಕ್ಕೆ ಸುಣ್ಣ ಸವೆದಿರುತ್ತದೆ, ನೋಡಿ, ಈ ಫೋಟೋದಲ್ಲೂ ಇದೆ. ಅಜ್ಜನ ಹೆಗಲ ಪಕ್ಕದಲ್ಲಿ ಮಣ್ಣಿನ ಬಣ್ಣ ಕಾಣುತ್ತಿದೆ. ಅದು ಕೋಟೆಗಿಂತ ಜಾಸ್ತಿ ಹೇಳುತ್ತದೆ. ಒಬ್ಬ ಹಾಡುಗಾರರನ್ನು ಅವರಿಲ್ಲದ ಜಾಗದಲ್ಲಿ ಕೂರಿಸಬಾರದು ಅಂತ ನನ್ನ ಮನಸ್ಸಿಗೆ ಬಲವಾಗಿ ಅನ್ನಿಸುತ್ತದೆ.

ವಿದ್ಯಾನಗರ_ವಿನ್ಯಾಸ

ಅಣ್ಣ, ಆ ಸವೆದ ಜಾಗವನ್ನು ನಾನು ಕಲೆ ಅಂದುಕೊಂಡಿದ್ದೆ. ಕ್ಲೋನ್ ಟೂಲಿನಲ್ಲಿ ಅಳಿಸಿ ಅಂತ ಹೇಳುವವನಿದ್ದೆ. ಈಗ ಬೇಡ ಅನ್ನುತ್ತೇನೆ. ಗೋಡೆಯೇ ಇರಲಿ. ಹೆಸರಿಗೆ ಮೇಲೆ ಜಾಗ ಸಾಲದಿದ್ದರೆ ಮೇಲಿನ ಖಾಲಿ ಗೋಡೆಯನ್ನು ಮಾತ್ರ ಸ್ವಲ್ಪ ಬೆಳೆಸಿದರೆ ಸಾಕು.

ಮಂಡಿಪೇಟೆ_ಡಿಟಿಪಿ

ಈಗ ಪ್ರೆಸ್ಸಿನ ವಿಷಯ. ಇದನ್ನು ಹೇಳದೆ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ ಮಾಡಿದಂತೆ.

ಪರದೆಯ ಬಣ್ಣ ಬೆಳಕಿನಿಂದ ಬರುತ್ತದೆ, ಕಾಗದದ ಬಣ್ಣ ಶಾಯಿಯಿಂದ. ಸಯಾನ್, ಮೆಜೆಂಟಾ, ಯೆಲ್ಲೋ, ಬ್ಲ್ಯಾಕ್, ಈ ನಾಲ್ಕೇ. ರುಮಾಲಿನ ಕೆಂಪಿಗೆ ಭಯ ಬೇಡ. ಮೆಜೆಂಟಾ ನೂರು, ಯೆಲ್ಲೋ ನೂರು ಹೊಡೆದರೆ ನಮ್ಮ ಕುಂಕುಮದ ಕೆಂಪು ಬರುತ್ತದೆ. ಕೈ ಕೊಡುವುದು ನೀಲಿ. ಸಯಾನ್, ಮೆಜೆಂಟಾ ಹತ್ತಿರ ಹತ್ತಿರ ಬಂದರೆ ನೀಲಿ ಗೋಡೆ ನೇರಳೆ ಆಗಿಬಿಡುತ್ತದೆ. ಮೆಜೆಂಟಾವನ್ನು ಸಯಾನ್‌ಗಿಂತ ಸಾಕಷ್ಟು ಕೆಳಗೆ ಇಟ್ಟುಕೊಳ್ಳಬೇಕು.

ಗಿಂಪ್ ಒಳಗೆ ಕೆಲಸ ನಡೆಯುವುದು ಪರದೆಯ ಬಣ್ಣದಲ್ಲೇ. ಅಲ್ಲೇ ಸಣ್ಣ ಅಕ್ಷರವನ್ನೂ ಹೊಡೆದು ಆಮೇಲೆ ಬದಲಾಯಿಸಿದರೆ ಕಪ್ಪು ಅಕ್ಷರ ನಾಲ್ಕು ಶಾಯಿಯಲ್ಲಿ ಒಡೆದು ಬರುತ್ತದೆ. ಮಷಿನಿನಲ್ಲಿ ಒಂದು ಪ್ಲೇಟು ಕೂದಲೆಳೆ ಜರುಗಿದರೂ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು. ಅದಕ್ಕೆ ಗಿಂಪ್‌ನಲ್ಲಿ ಫೋಟೋ ಮತ್ತು ಆ ಅಕ್ಷರದ ಮುಂದೆ ಹಿಂದೆ ಬರುವ ಕೆಲಸ ಮಾತ್ರ ಮಾಡಿಕೊ. ಬೆಲೆ, ತಿಂಗಳು, ಒಳಗೇನಿದೆ ಅನ್ನುವ ಸಾಲು, ಇದೆಲ್ಲ ಪುಟ ಜೋಡಿಸುವ ಸಾಫ್ಟ್‌ವೇರ್ ಸ್ಕ್ರೈಬಸ್‌ಗೆ ತಂದು ಹಾಕು. ಅದೂ ಉಚಿತ. ಹೊಸ ಆವೃತ್ತಿಯಲ್ಲಿ ಕನ್ನಡ ಒಡೆಯುವುದಿಲ್ಲ, ಬರೀ ಕಪ್ಪು ಶಾಯಿಯ ಅಕ್ಷರದ ಸಮೇತ ಪಿಡಿಎಫ್ ಕೊಡುತ್ತದೆ.

ನುಡಿ, ಬರಹದ ಹಳೇ ಫಾಂಟಿನಲ್ಲಿ ಏನಾದರೂ ಹೊಡೆಸಿದ್ದರೆ ಅದನ್ನು ಕರ್ವ್ಸ್ ಮಾಡಿಸಿಕೊಂಡೇ ಬಾ, ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಾಯಿಸಿಕೊಂಡು. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟುಕೊಂಡಿರುತ್ತವೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಬರೀ ಚಿಹ್ನೆಗಳು ಕಾಣುತ್ತವೆ.

ಹಳೇಪೇಟೆ_ಹುಡುಗಿ

ಅಣ್ಣ, ಅದು ನನಗೆ ಆಗಿದೆ. ಹೋದ ವರ್ಷ ಒಂದು ಗಾಯನ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಮಾಡಿದ್ದೆ. ಪ್ರೆಸ್ಸಿನವರು ಫೈಲ್ ತೆರೆದಾಗ ಅರ್ಕಾವತ್ತುಗಳೆಲ್ಲ ಎಗರಿಹೋಗಿ, ಹಾಗೇ ಅಚ್ಚಾಗಿ ಬಂತು. ಹಾಡುವವರ ಹೆಸರೇ ತಪ್ಪಾಗಿತ್ತು. ಅವರು ಒಂದು ಮಾತೂ ಆಡಲಿಲ್ಲ, ಆದರೆ ಆ ಪತ್ರಿಕೆ ಮಡಚಿ ಜೇಬಿಗೆ ಇಟ್ಟುಕೊಂಡ ರೀತಿ ನನಗೆ ಇವತ್ತಿಗೂ ನೆನಪಿದೆ. ಈ ಸಲ ಅಷ್ಟು ಭಯ ಇರುವುದು ಅದಕ್ಕೇ.

ಹರಿಹರದ_ಓದುಗ

ಒಂದು ಸಣ್ಣ ವಿಷಯ. ಹೆಸರು ಇನ್ನೂ ನೋಂದಣಿ ಆಗಿಲ್ಲದಿದ್ದರೆ ಅಕ್ಷರ ವಿನ್ಯಾಸಕ್ಕೆ ಜಾಸ್ತಿ ಖರ್ಚು ಮಾಡಬೇಡಿ. ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿಯ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಿಯತಕಾಲಿಕೆ ತರುವವರು ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದೇ ಹೆಸರು ಬೇರೆಯವರ ಹತ್ತಿರ ಇದ್ದರೆ ನಿಮಗೆ ಸಿಗುವುದಿಲ್ಲ.

ಮತ್ತೆ ಓದುಗನಾಗಿ ಒಂದು ಕೋರಿಕೆ. ಮುಖಪುಟದಲ್ಲಿ ಎಂಟು ಹತ್ತು ಲೇಖನದ ಹೆಸರು ತುಂಬಬೇಡಿ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿ ನೇತು ಹಾಕಿರುತ್ತಾರೆ, ಮೇಲಿನ ನಾಲ್ಕು ಬೆರಳು ಜಾಗ ಮಾತ್ರ ಕಾಣುತ್ತದೆ. ಅಲ್ಲಿ ಹೆಸರು ಪೂರ್ತಿ, ಒತ್ತಕ್ಷರ ಸಮೇತ ಕಂಡರೆ ಸಾಕು, ಕೈಗೆ ತೆಗೆದುಕೊಳ್ಳುತ್ತೇವೆ.

ಹಳೇಪೇಟೆ_ಹುಡುಗಿ

ಹೆಸರಿಗೆ ಅರ್ಜಿ ಹಾಕಿದ್ದೇವೆ ಸರ್. ನೇತು ಹಾಕುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಲೇಖನದ ಹೆಸರು ಏಳು ಇತ್ತು, ಮೂರಕ್ಕೆ ಇಳಿಸಿದೆ.

ನಿನ್ನೆ ರಾತ್ರಿ ಕೂತು ಎಲ್ಲ ಹೊಸದಾಗಿ ಮಾಡಿದೆ. ಅಕ್ಷರಪ್ರೀತಿ ಅಕ್ಕ ಹೇಳಿದ ಎರಡೂ ರೀತಿ ಮಾಡಿ ಪಕ್ಕ ಪಕ್ಕ ಇಟ್ಟೆ. ರುಮಾಲು ‘ರ’ವನ್ನು ಮುಚ್ಚಿದ್ದು ಓದಲು ಬಂತು, ಆದರೆ ಕಣ್ಣು ಅಲ್ಲೇ ಒಂದು ಕ್ಷಣ ತಡೆಯುತ್ತಿತ್ತು. ಏಕತಾರಿ ಮಾತ್ರ ಮೇಲೆ ಹೋದದ್ದು ಸಲೀಸಾಗಿ ಕೂತಿತು. ‘ಸ್ವ’ದ ಒತ್ತಿಗೂ ‘ರ’ಕ್ಕೂ ನಡುವೆ ಸ್ವಲ್ಪ ಜಾಗ ಜಾಸ್ತಿ ಬಿಟ್ಟೆ. ಅಲ್ಲಿಂದ ಕೋಲಿನ ತುದಿ, ತಂತಿ ಬಿಗಿಯುವ ಬಿರಡೆ ಮೇಲೆ ಹೋಗಿದೆ. ಬಿರಡೆಯ ನೆರಳು ‘ರ’ದ ಮೇಲೆ ಮೆಲ್ಲಗೆ ಬೀಳುವ ಹಾಗೆ ಒಂದು ಪದರ ಹಾಕಿ, ಅಂಚು ಮಸುಕು ಮಾಡಿ, ಸಂಜೆ ಬಿಸಿಲು ಯಾವ ಕಡೆಯಿಂದ ಇದೆಯೋ ಅದರ ಎದುರಿಗೆ ಸರಿಸಿದೆ. ತಂತಿ ಶಿಫ್ಟ್ ಒತ್ತಿ ಒಂದೇ ಸಲಕ್ಕೆ ಬಂತು!

ಅಮ್ಮನಿಗೆ ಏನೂ ಹೇಳದೆ ತೋರಿಸಿದೆ. “ಸ್ವರ” ಅಂತ ಓದಿದರು.

ಅಕ್ಷರಪ್ರೀತಿ_ಚಿತ್ರದುರ್ಗ

ಕೇಳಿ ತುಂಬ ಸಂತೋಷವಾಯಿತು ತಂಗಿ. ಅಚ್ಚಿಗೆ ಕೊಡುವ ಮೊದಲು ಹೆಸರನ್ನು ಒಂದು ಸಲ ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡು. ಫೋನಿನಲ್ಲಿ ಹಂಚುವಾಗ ಜನ ನೋಡುವುದು ಆ ಅಳತೆಯಲ್ಲೇ. ಅಲ್ಲಿಯೂ ಒತ್ತು ಕಂಡರೆ ಗೆದ್ದ ಹಾಗೆ. ಕಾಣದಿದ್ದರೆ ಒತ್ತನ್ನು ಮಾತ್ರ ಹತ್ತರಲ್ಲಿ ಒಂದು ಪಾಲು ದೊಡ್ಡದು ಮಾಡು. ಕೈಯಲ್ಲಿ ಬೋರ್ಡ್ ಬರೆಯುವವರು ಯಾವಾಗಲೂ ಹಾಗೇ ಮಾಡುತ್ತಾರೆ.

ಚಳ್ಳಕೆರೆ_ಕೇಳುಗ

ತಡವಾಗಿ ನೋಡಿದೆ. ಮುಂದಿನ ಸಂಚಿಕೆಗೆ ನಮ್ಮ ಕಡೆ ಬನ್ನಿ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು. ಗೊಲ್ಲರ ವೀರ ಜುಂಜಪ್ಪನ ಪದ ಹಾಡುವಾಗ ನುಡಿಸುವ ಗಣೆ, ಆ ಬಿದಿರಿನ ಉದ್ದ ಕೊಳಲು, ನೋಡಿದ್ದೀರಾ? ಅದರ ಉದ್ದಕ್ಕೆ ನಿಮ್ಮ ಮುಖಪುಟದ ಎತ್ತರ ಸಾಲುವುದಿಲ್ಲ. ಅದಕ್ಕೂ ಅಕ್ಷರದ ನಡುವೆ ಜಾಗ ಮಾಡಿಕೊಡಬೇಕು.

ಹಳೇಪೇಟೆ_ಹುಡುಗಿ

ಖಂಡಿತ ಬರುತ್ತೇವೆ ಅಣ್ಣ, ಗಣೆ ನುಡಿಸುವವರು ಸಿಕ್ಕರೆ ತಿಳಿಸಿ. ಈ ಸಲ ಫೋಟೋ ತೆಗೆಯುವ ಮೊದಲೇ ಹೆಸರಿನ ಅಳತೆ ಜೊತೆಗೆ ತರುತ್ತೇನೆ.

ಬೆರಳುಗುರಿನ ಅಳತೆಯಲ್ಲಿ ನೋಡಿದೆ ಅಕ್ಕ, ಒತ್ತು ಮಸುಕಾಗಿತ್ತು, ದೊಡ್ಡದು ಮಾಡಿದೆ. ನಾಳೆ ಮಂಡಿಪೇಟೆ ಅಣ್ಣನ ಅಂಗಡಿಗೆ ಪೆನ್‌ಡ್ರೈವ್ ತೆಗೆದುಕೊಂಡು ಬರುತ್ತೇನೆ. ಅಣ್ಣ, ಒಂದು ಪ್ರತಿ ಮಾತ್ರ ತೆಗೆದುಕೊಡಿ. ಗೋಡೆ ನೀಲಿಯಾಗೇ ಬಂದಿದೆಯಾ ನೋಡಿ, ಆ ಪ್ರತಿಯನ್ನು ಭಾನುವಾರ ಜಗಳೂರಿಗೆ ಹೋಗಿ ಅಜ್ಜನಿಗೆ ಕೊಟ್ಟು ಬರಬೇಕು. ಅವರು ನೋಡಿ ಸರಿ ಅಂದ ಮೇಲೆ ಉಳಿದದ್ದು ಅಚ್ಚಾಗಲಿ.

ಮಂಡಿಪೇಟೆ_ಡಿಟಿಪಿ

ಬಾ ತಂಗಿ. ಹತ್ತು ಗಂಟೆಗೆ ಬಾ, ಆಗ ಮಷಿನು ಖಾಲಿ ಇರುತ್ತದೆ.